ಮನೆ ಗುಡಿಯಾದಾಗ

ನಮ್ಮ ಕಡೆ ಒಂದು ಮನೆ ಗುಡಿಯಾಯಿತೆಂದರೆ ಅದನ್ನು ಆ ಮನೆತನದ ಭಾಗ್ಯವೆಂದೇ ಎಣಿಸುತ್ತಾರೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಹಳ್ಳಿಗಳಲ್ಲಿ ಇಂಥ ಮನೆಗಳು ಅಪರೂಪವಲ್ಲ. ಒಂದು ಕಾಲಕ್ಕೆ ಗೌಡರದೋ ಕುಲಕರ್ಣಿಯವರದೋ ಆಗಿದ್ದ ವಾಡೆಯ ಪಡಸಾಲೆಯಲ್ಲಿ ಈಗ ಗದ್ದುಗೆ ಇರುತ್ತದೆ, ಶ್ರಾವಣದಲ್ಲಿ ಪುರಾಣ ನಡೆಯುತ್ತದೆ. ಇನ್ನೊಂದು ಮನೆಯ ಹೊರಕೋಣೆ ಮೊಹರಮ್ಮಿನ ದಿನಗಳಲ್ಲಿ ಅಲಾಯಿ ದೇವರ ಮನೆಯಾಗುತ್ತದೆ. ವಾಡಿ, ಶಹಾಬಾದಿನಂಥ ಕಾರ್ಖಾನೆಯ ಊರುಗಳಲ್ಲಿ ನಾಲ್ಕಾರು ಕುಟುಂಬಗಳು ಯಾರದೋ ಮನೆಯ ಪಡಸಾಲೆಯಲ್ಲಿ ಕೂಡಿ ಭಾನುವಾರದ ಪ್ರಾರ್ಥನೆ ಮಾಡುತ್ತವೆ. ಎಲ್ಲ ಕಡೆಯೂ ಮಾತು ಒಂದೇ: "ಪುಣ್ಯವಂತರ ಮನಿ, ದೇವರು ಬಂದ."

ದೇವರು ಬಂದ, ಸರಿ. ಅಲ್ಲಿದ್ದ ಒಲೆ ಎಲ್ಲಿಗೆ ಹೋಯಿತು? ಆ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಗುಡಿಯ ಇತಿಹಾಸ ಬರೆಯುವಾಗ ಯಾರು ದಾನ ಕೊಟ್ಟರು, ಯಾವ ಮಿತಿಗೆ ಪ್ರತಿಷ್ಠಾಪನೆಯಾಯಿತು, ಯಾವ ಸ್ವಾಮಿಗಳು ಬಂದಿದ್ದರು ಎಂಬುದನ್ನೆಲ್ಲ ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಆ ಪಡಸಾಲೆಯಲ್ಲಿ ತೊಗರಿಬೇಳೆ ಒಡೆದವರು, ಆ ನಡುಮನೆಯಲ್ಲಿ ಬಾಣಂತನ ಮಾಡಿಸಿಕೊಂಡವರು, ದೇವರು ಬಂದ ದಿನ ಬಟ್ಟೆಯ ಗಂಟು ಕಟ್ಟಿಕೊಂಡು ಹಿತ್ತಲ ಕೋಣೆಗೆ ಸರಿದವರು ಆ ಕಲ್ಲಿನಲ್ಲಿ ಇರುವುದಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತ ಬಂದವಳು ನಾನು. ನಕ್ಷೆ ನೋಡುವುದು ನನಗೆ ಕಥೆ ಓದಿದಷ್ಟೇ ಹಿತ. ಈ ಪ್ರಶ್ನೆ ಮನಸ್ಸಿನಲ್ಲಿದ್ದಾಗ ನನ್ನ ಕೈಗೆ ಸಿಕ್ಕ ನಕ್ಷೆ ನಮ್ಮ ಸೀಮೆಯದಲ್ಲ, ನಮ್ಮ ಧರ್ಮದ್ದೂ ಅಲ್ಲ. ಸಿರಿಯಾ ದೇಶದಲ್ಲಿ, ಯೂಫ್ರೆಟಿಸ್ ನದಿಯ ದಂಡೆಯ ಮೇಲೆ, ಡ್ಯೂರಾ ಯೂರೋಪಸ್ ಎಂಬ ಹಾಳೂರಿನಲ್ಲಿ ಸಿಕ್ಕ ಒಂದು ಮನೆಯ ನಕ್ಷೆ ಅದು. ಒಂದು ಕುಟುಂಬ ವಾಸವಾಗಿದ್ದ ಮನೆ ಯೆಹೂದಿಗಳ ಸಿನಗಾಗ್ ಆಯಿತು, ಅಂದರೆ ಅವರ ಪ್ರಾರ್ಥನಾ ಮಂದಿರವಾಯಿತು. ಮನೆಯೊಂದು ದೇವರ ಮನೆಯಾದದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಹಳೆಯ ಕಟ್ಟಡಗಳು ಜಗತ್ತಿನಲ್ಲಿಯೇ ಬಹಳ ಕಡಿಮೆ. ಅದರ ಮೇಲೆ ದೊಡ್ಡ ದೊಡ್ಡ ವಿದ್ವಾಂಸರು ಗ್ರಂಥಗಳನ್ನು ಬರೆದಿದ್ದಾರೆ. ನಾನು ಅದನ್ನು ಅಡಿಗೆ ಮನೆಯ ಬಾಗಿಲಲ್ಲಿ ನಿಂತು ನೋಡಬೇಕೆಂದಿದ್ದೇನೆ.

ಮೊದಲು ಊರಿನ ಪರಿಚಯ. ಅಲೆಕ್ಸಾಂಡರನ ತರುವಾಯ ಬಂದ ಗ್ರೀಕ್ ಅರಸರು ಕ್ರಿ.ಪೂ. 300ರ ಸುಮಾರಿಗೆ ಈ ಊರನ್ನು ಕಟ್ಟಿದರು. ಅನಂತರ ಪಾರ್ಥಿಯನ್ನರು ಆಳಿದರು. ಕ್ರಿ.ಶ. 165ರಲ್ಲಿ ರೋಮನ್ನರ ಕೈಗೆ ಬಂತು. ಗಡಿಯ ಊರು, ದಂಡಿನವರು, ವ್ಯಾಪಾರಿಗಳು, ಹಲವು ಭಾಷೆಯ ಜನ. ನಮ್ಮ ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಕನ್ನಡ, ಉರ್ದು, ತೆಲುಗು, ಮರಾಠಿ, ಹಿಂದಿ ಎಲ್ಲ ಕಿವಿಗೆ ಬೀಳುತ್ತದಲ್ಲ, ಹಾಗೆ ಅಲ್ಲಿ ಗ್ರೀಕ್, ಅರಾಮಿಕ್, ಲ್ಯಾಟಿನ್, ಪರ್ಷಿಯನ್ ಭಾಷೆಗಳು ನಡೆಯುತ್ತಿದ್ದವು. ಊರಿನ ಪಡುವಣ ಕೋಟೆಗೋಡೆಗೆ ಹೊಂದಿಕೊಂಡು ಒಂದು ಬೀದಿ. ಆ ಬೀದಿಯ ಉದ್ದಕ್ಕೂ ಇದ್ದ ಮನೆಗಳಲ್ಲಿ ಒಂದು ಯೆಹೂದಿಗಳ ಸಿನಗಾಗ್ ಆಯಿತು, ಇನ್ನೊಂದು ಕ್ರೈಸ್ತರ ಪ್ರಾರ್ಥನೆಯ ಮನೆಯಾಯಿತು, ಮತ್ತೊಂದರಲ್ಲಿ ಸೈನಿಕರು ಮಿತ್ರ ದೇವರ ಪೂಜೆ ನಡೆಸಿದರು. ಮೂರೂ ಮನೆಯ ಕೋಣೆಗಳಲ್ಲಿ ಹುಟ್ಟಿದ ಗುಡಿಗಳು.

ಕ್ರಿ.ಶ. 256ರ ಸುಮಾರಿಗೆ ಪರ್ಷಿಯಾದ ಸಸಾನಿಯರು ಮುತ್ತಿಗೆ ಹಾಕಿದಾಗ, ಕೋಟೆಗೋಡೆ ಬೀಳದಿರಲೆಂದು ರೋಮನ್ ಸೈನಿಕರು ಗೋಡೆಯ ಒಳಬದಿಗೆ ಮಣ್ಣು ತುಂಬಿದರು. ಬೀದಿಯ ಮನೆಗಳೆಲ್ಲ ಆ ಮಣ್ಣಿನಲ್ಲಿ ಹೂತುಹೋದವು. ಊರು ಉಳಿಯಲಿಲ್ಲ, ಜನ ಚದುರಿದರು. ಆದರೆ ಮಣ್ಣು ಆ ಗೋಡೆಗಳನ್ನೂ ಗೋಡೆಯ ಬಣ್ಣವನ್ನೂ ಕಾಪಾಡಿತು. 1920ರಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಯ ಸೈನಿಕರು ಕಂದಕ ತೋಡುವಾಗ ಹಳೆಯ ಗೋಡೆಚಿತ್ರಗಳು ಕಂಡವು. 1928ರಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮತ್ತು ಫ್ರೆಂಚ್ ವಿದ್ವಾಂಸರು ಕೂಡಿ ಉತ್ಖನನ ನಡೆಸಿದರು. ಸಿನಗಾಗ್ ಬೆಳಕಿಗೆ ಬಂದದ್ದು 1932ರಲ್ಲಿ. ಯೆಹೂದಿಗಳು ಚಿತ್ರ ಬರೆಸುವುದಿಲ್ಲ ಎಂಬ ನಂಬಿಕೆ ಆವರೆಗೆ ಗಟ್ಟಿಯಾಗಿತ್ತು. ಇಲ್ಲಿ ನೋಡಿದರೆ ನಾಲ್ಕು ಗೋಡೆಗಳ ತುಂಬ ಧರ್ಮಗ್ರಂಥದ ಕಥೆಗಳ ಚಿತ್ರ. ವಿದ್ವಾಂಸರೆಲ್ಲ ಬೆರಗಾದರು. ಚಿತ್ರಗಳನ್ನು ಗೋಡೆಸಹಿತ ಬಿಡಿಸಿ ಡಮಾಸ್ಕಸ್ ಮ್ಯೂಸಿಯಮ್ಮಿನಲ್ಲಿ ಮತ್ತೆ ಜೋಡಿಸಿದರು.

ಅಂದಿನಿಂದ ಇಂದಿನವರೆಗೆ ಬಂದ ಬರಹಗಳಲ್ಲಿ ಬಹುಪಾಲು ಆ ಚಿತ್ರಗಳ ಬಗ್ಗೆಯೇ. ಅದಕ್ಕಿಂತ ಮುಂಚೆ ಅದೊಂದು ಮನೆಯಾಗಿತ್ತು ಎಂಬ ವಿಷಯ ಒಂದು ವಾಕ್ಯದಲ್ಲಿಯೋ ಒಂದು ಪರಿಚ್ಛೇದದಲ್ಲಿಯೋ ಮುಗಿಯುತ್ತದೆ, ಮದುವೆಯ ಕರೆಯೋಲೆಯಲ್ಲಿ ಹುಡುಗಿಯ ತಾಯಿಯ ಹೆಸರು ಬರುವ ಹಾಗೆ. ನನ್ನ ತಕರಾರು ಇರುವುದೇ ಇಲ್ಲಿ.

ಹಳೆಯ ಮನೆಯ ನಕ್ಷೆಯನ್ನು ನೋಡಿದರೆ ನಮ್ಮ ಹೆಣ್ಣುಮಕ್ಕಳಿಗೆ ಅದು ಕೂಡಲೇ ಗುರುತು ಹತ್ತುತ್ತದೆ. ನಡುವೆ ಅಂಗಳ, ಸುತ್ತಲೂ ಕೋಣೆಗಳು. ಬೀದಿಯಿಂದ ನೇರವಾಗಿ ಒಳಗಿನದು ಕಾಣದ ಹಾಗೆ ಬಾಗಿಲು. ನಮ್ಮ ವಾಡೆಗಳೂ ಹೀಗೆಯೇ ಅಲ್ಲವೆ? ಎರಡನೆಯ ಶತಮಾನದ ಕೊನೆಯ ಹೊತ್ತಿಗೆ ಆ ಮನೆಯ ಪಡುವಣ ಭಾಗದ ದೊಡ್ಡ ಕೋಣೆಯನ್ನು ಪ್ರಾರ್ಥನೆಗೆ ಮಾಡಿಕೊಂಡರು. ಅದು ಸುಮಾರು 35 ಅಡಿ ಉದ್ದ, 15ರಿಂದ 17 ಅಡಿ ಅಗಲದ ಕೋಣೆ. ಗೋಡೆಗುಂಟ ಕೂಡಲು ಜಗಲಿ ಕಟ್ಟಿದರು. ಜೆರೂಸಲೇಮಿನ ದಿಕ್ಕಿನ ಗೋಡೆಯಲ್ಲಿ ತೋರಾ ಗ್ರಂಥದ ಸುರುಳಿ ಇಡಲು ಒಂದು ಗೂಡು. ಉಳಿದ ಕೋಣೆಗಳು ಮೊದಲಿನ ಹಾಗೆ ಅಂಗಳದ ಸುತ್ತ ಇದ್ದವು. ಹೊರಗಿನಿಂದ ನೋಡಿದವರಿಗೆ ಅದು ಬೀದಿಯ ಇನ್ನೊಂದು ಮನೆ, ಅಷ್ಟೇ.

ಸಿನಗಾಗಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇಲ್ಲ. ವಿಗ್ರಹವಿಲ್ಲ, ಗರ್ಭಗುಡಿಯಿಲ್ಲ, ಶಿಖರ ಇರಲೇಬೇಕೆಂಬ ನೇಮವಿಲ್ಲ. ಗ್ರಂಥ ಬೇಕು, ಕೂಡುವ ಜನ ಬೇಕು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಇರಬೇಕೆಂಬುದು ಸಂಪ್ರದಾಯ. ಇಂದು ಅವರಲ್ಲಿಯೇ ಕೆಲವು ಪಂಥದವರು ಹೆಂಗಸರನ್ನೂ ಆ ಲೆಕ್ಕಕ್ಕೆ ಸೇರಿಸುತ್ತಾರೆ. ಹೀಬ್ರೂ ಭಾಷೆಯಲ್ಲಿ ಸಿನಗಾಗಿಗೆ ಬೇತ್ ಕ್ನೆಸೆಟ್ ಎನ್ನುತ್ತಾರೆ. ಬೇತ್ ಎಂದರೆ ಮನೆ. ಕೂಡುವ ಮನೆ ಎಂದು ಅರ್ಥ. ನಮ್ಮಲ್ಲಿ ದೇವರ ಮನೆ, ಅಡಿಗೆ ಮನೆ ಎಂದು ಎರಡಕ್ಕೂ ಮನೆಯೆಂದೇ ಹೆಸರಿರುವಂತೆ. ಜೆರೂಸಲೇಮಿನ ಅವರ ದೊಡ್ಡ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ಕೆಡವಿದ ಮೇಲೆ, ಬಲಿಪೀಠದ ಜಾಗಕ್ಕೆ ಮನೆಯ ಊಟದ ಮೇಜೇ ಬಂತೆಂದು ಅವರ ಹಿರಿಯರು ತಿಳಿದರು. ಶುಕ್ರವಾರ ಸಂಜೆ ಹೊತ್ತು ಮುಳುಗುವ ಮುಂಚೆ ಮನೆಯ ಹೆಂಗಸು ದೀಪ ಹಚ್ಚುತ್ತಾಳೆ. ಅಲ್ಲಿಂದ ಅವರ ವಿಶ್ರಾಂತಿಯ ದಿನ ಶುರು.

ಇಷ್ಟು ದೂರದ ಕಥೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಅಷ್ಟೇನೂ ದೂರದ್ದಲ್ಲ. ನಮ್ಮ ಪಕ್ಕದ ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರಾಯಿಲ್ ಎಂಬ ಯೆಹೂದಿ ಸಮುದಾಯವಿದೆ. ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದ ಅವರು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಆದ್ದರಿಂದ ಅವರಿಗೆ ಶನಿವಾರ ತೇಲಿ ಎಂಬ ಹೆಸರೇ ಬಿತ್ತು. ಅವರ ಮೊದಲ ಸಿನಗಾಗ್ ಕಟ್ಟಿದ್ದು 1796ರಲ್ಲಿ, ಮುಂಬಯಿಯಲ್ಲಿ. ಕಟ್ಟಿಸಿದವರು ಸಾಮ್ಯುಯೆಲ್ ಎಝೆಕಿಯಲ್ ದಿವೇಕರ್, ಕಂಪನಿ ಸೈನ್ಯದ ಅಧಿಕಾರಿ. ಮೈಸೂರು ಯುದ್ಧದಲ್ಲಿ ಅವರು ಟಿಪ್ಪು ಸುಲ್ತಾನನಿಗೆ ಸೆರೆಸಿಕ್ಕರು. ಇಸ್ರಾಯೇಲರ ಹೆಸರು ಕುರಾನಿನಲ್ಲಿ ಬರುತ್ತದೆಂದು ಟಿಪ್ಪುವಿನ ತಾಯಿ ಹೇಳಿ ಅವರ ಜೀವ ಉಳಿಸಿದಳೆಂದು ಆ ಸಮುದಾಯದವರು ಕಥೆ ಹೇಳುತ್ತಾರೆ. ಬಿಡುಗಡೆಯಾಗಿ ಬಂದವರು ಸಿನಗಾಗ್ ಕಟ್ಟಿಸಿದರು.

ಅದಕ್ಕಿಂತ ಮುಂಚೆ, ಎಷ್ಟೋ ತಲೆಮಾರು, ಅವರಿಗೆ ಕಟ್ಟಡವೇ ಇರಲಿಲ್ಲ, ಮನೆಯೇ ಇತ್ತು. ಶನಿವಾರದ ನೇಮ, ತಿನ್ನುವ ಬಿಡುವ ಪದಾರ್ಥಗಳ ನೇಮ, ಹಬ್ಬದ ನೇಮ ಇವೆಲ್ಲ ಉಳಿದದ್ದು ಒಲೆಯ ಮುಂದೆ. ಅವರಲ್ಲಿ ಮಲೀದಾ ಎಂಬ ಒಂದು ಹರಕೆಯ ಆಚರಣೆ ಇದೆ. ತೋಯಿಸಿದ ಅವಲಕ್ಕಿಗೆ ಕಾಯಿತುರಿ, ಸಿಹಿ ಬೆರೆಸಿ, ಹಣ್ಣುಗಳನ್ನು ಇಟ್ಟು, ಪ್ರವಾದಿ ಎಲೀಯನ ಹೆಸರಿನಲ್ಲಿ ಪ್ರಾರ್ಥಿಸಿ ಹಂಚುತ್ತಾರೆ. ಮಲೀದಾ ಎಂಬ ಶಬ್ದ ನಮ್ಮ ಕಲಬುರಗಿ ಸೀಮೆಯವರಿಗೆ ಹೊಸದಲ್ಲ. ನಮ್ಮಲ್ಲಿ ಅದು ಗೋಧಿ ಚಪಾತಿ ಮುರಿದು ಬೆಲ್ಲ ಕೂಡಿಸಿ ಮಾಡುವ ಅಲಾಯಿ ಹಬ್ಬದ ನೈವೇದ್ಯ. ಪದಾರ್ಥ ಬೇರೆ, ಹೆಸರು ಒಂದೇ, ಮಾಡುವ ಕೈ ಎರಡೂ ಕಡೆ ಹೆಂಗಸರದ್ದೇ. ಗುಡಿ ಇಲ್ಲದ ಕಾಲದಲ್ಲಿ ಧರ್ಮವನ್ನು ಹೊತ್ತವಳು ಅಡಿಗೆ ಮನೆಯವಳು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಡ್ಯೂರಾದ ಮನೆಗೆ ಮರಳೋಣ. ಅಲ್ಲಿಯ ಸಮುದಾಯ ಬೆಳೆಯಿತು, ಕೈಯಲ್ಲಿ ಹಣ ಸೇರಿತು. ಕ್ರಿ.ಶ. 244-45ರಲ್ಲಿ ಹಳೆಯ ಕೋಣೆಯನ್ನು ತೆಗೆದು ದೊಡ್ಡ ಸಭಾಂಗಣ ಕಟ್ಟಿದರು. ಅದು ಸುಮಾರು 45 ಅಡಿ ಉದ್ದ, 25 ಅಡಿ ಅಗಲ. ಮೊದಲು ಅರವತ್ತರಷ್ಟು ಮಂದಿ ಕೂಡಬಹುದಾಗಿದ್ದಲ್ಲಿ ಈಗ ಅದರ ಇಮ್ಮಡಿ ಜನ ಕೂಡಬಹುದಾಯಿತು. ಅಂಗಳದ ಸುತ್ತಲಿನ ಕೋಣೆಗಳನ್ನು ತೆಗೆದು ಕಂಬಗಳ ಸಾಲಿನ ಪ್ರಾಂಗಣ ಮಾಡಿದರು. ಪಕ್ಕದ ಮನೆಯನ್ನು ಇದಕ್ಕೆ ಜೋಡಿಸಿಕೊಂಡರು. ಬೀದಿಯಿಂದ ಬರುವವರು ಆ ಮನೆಯನ್ನು ದಾಟಿ ಪ್ರಾಂಗಣಕ್ಕೆ ಬರಬೇಕಾಯಿತು. ವಾಸದ ಕೋಣೆಗಳು ಆ ಮನೆಯ ಕಡೆಗೆ ಸರಿದವೆಂದು ವಿದ್ವಾಂಸರು ಹೇಳುತ್ತಾರೆ.

ಇದನ್ನು ಎಲ್ಲರೂ ಏಳಿಗೆಯೆಂದೇ ವರ್ಣಿಸಿದ್ದಾರೆ. ಮೊದಲನೆಯದು ಸಾಧಾರಣ, ಎರಡನೆಯದು ಭವ್ಯ. ಕಟ್ಟಡದ ಲೆಕ್ಕದಲ್ಲಿ ಅದು ನಿಜ. ಆದರೆ ನಕ್ಷೆಗಳೆರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ನನಗೆ ಇನ್ನೊಂದು ಕಾಣುತ್ತದೆ. ಮೊದಲನೆಯದರಲ್ಲಿ ಪ್ರಾರ್ಥನೆಯ ಕೋಣೆ ಮನೆಯೊಳಗಿತ್ತು. ಎರಡನೆಯದರಲ್ಲಿ ಮನೆಯೇ ಪ್ರಾರ್ಥನೆಯ ಕೋಣೆಯ ಹೊರಬಾಗಿಲಾಯಿತು. ಮೊದಲು ಗ್ರಂಥ ಓದುವ ದನಿ ಅಂಗಳದಲ್ಲಿ ಹಿಟ್ಟು ಬೀಸುವವಳ ಕಿವಿಗೆ ಬೀಳುತ್ತಿದ್ದಿರಬೇಕು. ಆಮೇಲೆ ನಡುವೆ ಕಂಬಸಾಲು ಬಂತು. ಅದೇ ಬೀದಿಯ ಕ್ರೈಸ್ತರ ಮನೆಯಲ್ಲಿಯೂ ಹೀಗೆಯೇ ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಒಂದು ಮಾಡಿದ್ದಾರೆ. ಜನ ಹೆಚ್ಚಿದಾಗ ಗೋಡೆ ಒಡೆಯುವುದು ಸಹಜ. ಒಡೆಯಬೇಕಾದ ಗೋಡೆ ಯಾವುದು ಎಂಬ ತೀರ್ಮಾನದಲ್ಲಿ ಯಾರ ಮಾತು ನಡೆಯಿತು ಎಂಬುದೇ ನನ್ನ ಪ್ರಶ್ನೆ.

ಹೊಸ ಸಭಾಂಗಣಕ್ಕೆ ಎರಡು ಬಾಗಿಲು. ನಡುವೆ ದೊಡ್ಡದು, ದಕ್ಷಿಣಕ್ಕೆ ಚಿಕ್ಕದು. ಚಿಕ್ಕ ಬಾಗಿಲು ಹೆಂಗಸರದ್ದಿರಬಹುದು, ಆ ಬದಿಯ ಜಗಲಿಯಲ್ಲಿ ಅವರು ಕೂಡುತ್ತಿದ್ದಿರಬಹುದು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ಊಹೆಯೇ. ಆದರೆ ಹೆಂಗಸರ ಜಾಗವನ್ನು ಹುಡುಕುವಾಗ ಎಲ್ಲರೂ ಚಿಕ್ಕ ಬಾಗಿಲ ಕಡೆಗೇ ಹೋಗುತ್ತಾರೆಂಬುದನ್ನು ನಾವು ಗಮನಿಸಬೇಕು. ಅಂಗಳದ ಸುತ್ತ ಆಕೆಯ ಮನೆಯೇ ಇತ್ತು ಎಂಬುದು ಅವರಿಗೆ ನೆನಪಿಗೆ ಬರುವುದಿಲ್ಲ.

ಇಷ್ಟು ಹೇಳಿ ನಾನು ಚಿತ್ರಗಳ ಕಡೆ ಬೆನ್ನು ಮಾಡಿದರೆ ಅದು ಅನ್ಯಾಯ. ಬರೆಸಿದವರು ಹೆಂಗಸರನ್ನು ಮರೆತವರಲ್ಲ. ಪಶ್ಚಿಮದ ಗೋಡೆಯ ಒಂದು ಬದಿಗೆ ಮೋಶೆಯ ಜನನದ ಕಥೆ ಇದೆ. ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಅರಸನ ಅಪ್ಪಣೆ, ಆ ಅಪ್ಪಣೆಗೆ ಮಣಿಯದ ಸೂಲಗಿತ್ತಿಯರು, ಕೂಸನ್ನು ಬುಟ್ಟಿಯಲ್ಲಿಟ್ಟು ನೀರಿಗೆ ಬಿಟ್ಟ ತಾಯಿ, ಹೊಳೆಗೆ ಇಳಿದು ಕೂಸನ್ನು ಎತ್ತಿಕೊಂಡ ಅರಸನ ಮಗಳು. ಒಂದು ಜನಾಂಗದ ನಾಯಕನನ್ನು ಉಳಿಸಿದವರೆಲ್ಲ ಹೆಂಗಸರೇ ಎಂದು ಆ ಚಿತ್ರ ಸಾರಿ ಹೇಳುತ್ತದೆ. ಇನ್ನೊಂದರಲ್ಲಿ ರಾಣಿ ಎಸ್ತೇರ್ ಅರಸನ ಜೊತೆ ಸಿಂಹಾಸನದ ಮೇಲೆ ಕುಳಿತಿದ್ದಾಳೆ. ಮಾಳಿಗೆಗೆ ಹೊದಿಸಿದ್ದ ಹೆಂಚುಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಿಕ್ಕಿವೆ. ಅವುಗಳ ಮೇಲೆ ಹೂವು, ಹಣ್ಣು, ಪ್ರಾಣಿ, ಮುಖಗಳನ್ನು ಬರೆದಿದ್ದಾರೆ. ಕೆಲವು ಹೆಂಚುಗಳಲ್ಲಿ ಕೆಟ್ಟ ದೃಷ್ಟಿ ತಾಗದಿರಲೆಂದು ಕಣ್ಣಿನ ಚಿತ್ರವೂ ಇದೆ. ನಾವು ಹೊಸ ಮನೆಗೆ ಕುಂಬಳಕಾಯಿ ಕಟ್ಟುವ ಹಾಗೆ.

ಆದರೆ ನನ್ನ ಮನಸ್ಸು ನಿಂತದ್ದು ಅದೇ ಗೋಡೆಯ ಕೆಳಸಾಲಿನ, ದಕ್ಷಿಣದ ತುದಿಯ ಚಿತ್ರದ ಮುಂದೆ. ಅದು ಚಾರೆಪ್ತ ಎಂಬ ಊರಿನ ಬಡ ವಿಧವೆಯ ಕಥೆ. ಬರ ಬಿದ್ದಿದೆ. ಪ್ರವಾದಿ ಎಲೀಯ ಆಕೆಯ ಊರಿಗೆ ಬಂದು ರೊಟ್ಟಿ ಕೇಳುತ್ತಾನೆ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಸ್ವಲ್ಪ ಎಣ್ಣೆ ಮಾತ್ರ ಉಳಿದಿದೆ. ಅದನ್ನು ಬೇಯಿಸಿ ಮಗನೂ ತಾನೂ ತಿಂದು ಸಾಯುವುದೇ ಬಾಕಿ ಎಂದು ಆಕೆ ಹೇಳುತ್ತಾಳೆ. ಆದರೂ ಮಾಡಿಕೊಡುತ್ತಾಳೆ. ಬರ ಮುಗಿಯುವವರೆಗೂ ಆ ಹಿಟ್ಟು ತೀರಲಿಲ್ಲ, ಎಣ್ಣೆ ಬತ್ತಲಿಲ್ಲ. ಪ್ರವಾದಿ ಆಕೆಯ ಮನೆಯ ಮೇಲಿನ ಕೋಣೆಯಲ್ಲಿ ಉಳಿದುಕೊಂಡ. ಮುಂದೆ ಆಕೆಯ ಮಗ ಸತ್ತಾಗ ಅವನನ್ನು ಆ ಕೋಣೆಗೆ ಒಯ್ದು ಪ್ರಾರ್ಥಿಸಿ ಬದುಕಿಸಿಕೊಟ್ಟ.

ಚಿತ್ರಕಾರ ಇದನ್ನು ಮೂರು ಭಾಗ ಮಾಡಿ ಒಂದೇ ಚೌಕಟ್ಟಿನಲ್ಲಿ ಬರೆದಿದ್ದಾನೆ. ಎಡಕ್ಕೆ ತಾಯಿ, ದುಃಖದ ಕಪ್ಪು ಬಟ್ಟೆ, ಮೈಮೇಲಿನ ಅರಿವೆಯ ಪರಿವೆಯಿಲ್ಲ, ಕೈಯಲ್ಲಿ ಸತ್ತ ಕೂಸು. ನಡುವೆ ಮಂಚದ ಮೇಲೆ ಎಲೀಯ, ಕೂಸನ್ನು ಮೇಲೆತ್ತಿ ಹಿಡಿದಿದ್ದಾನೆ. ಮೇಲಿನಿಂದ ದೇವರ ಕೈಯೊಂದು ಚಾಚಿದೆ. ಬಲಕ್ಕೆ ಅದೇ ತಾಯಿ, ಈಗ ತಿಳಿ ಬಣ್ಣದ ಉಡುಪು, ಕೈಯಲ್ಲಿ ಬದುಕಿದ ಕೂಸು. ಎಡ ಬಲಗಳಲ್ಲಿ ಆಕೆಯೇ. ನಡುವೆ ಮಾತ್ರ ಪ್ರವಾದಿ. ಎಣಿಸಿ ನೋಡಿದರೆ ಚಿತ್ರದಲ್ಲಿ ಹೆಚ್ಚಿನ ಜಾಗ ಆಕೆಯದು.

ವಿದ್ವಾಂಸರು ಇದನ್ನು ಪುನರುತ್ಥಾನದ ನಂಬಿಕೆಯ ಚಿತ್ರವೆಂದು ಓದುತ್ತಾರೆ. ತಪ್ಪಲ್ಲ. ಆದರೆ ಒಂದು ಮನೆಯನ್ನು ಪ್ರಾರ್ಥನೆಗೆ ಬಿಟ್ಟುಕೊಟ್ಟ ಜಾಗದಲ್ಲಿ ಈ ಕಥೆಯೇ ಏಕೆ ನಮ್ಮನ್ನು ತಡೆದು ನಿಲ್ಲಿಸಬೇಕು? ಇದು ದೇವರ ಮನುಷ್ಯ ಒಬ್ಬ ಹೆಂಗಸಿನ ಮನೆಗೆ ಬಂದ ಕಥೆ. ಅವನು ಬಂದ ಮೇಲೆ ಆಕೆಯ ಒಲೆ ಆರಲಿಲ್ಲ; ಆರಲಿದ್ದ ಒಲೆ ಹತ್ತಿಕೊಂಡಿತು. ಅವನು ಮೇಲಿನ ಕೋಣೆಯಲ್ಲಿ ಉಳಿದ, ಆಕೆ ಕೆಳಗೆ ತನ್ನ ಮನೆಯಲ್ಲಿಯೇ ಉಳಿದಳು. ಮನೆ ಪವಿತ್ರವಾಯಿತು, ಆಕೆ ಬೀದಿಗೆ ಬೀಳಲಿಲ್ಲ. ಬರೆಸಿದವರ ಮನಸ್ಸಿನಲ್ಲಿ ಏನಿತ್ತೋ, ಗೋಡೆ ಮಾತ್ರ ಇದನ್ನು ಹೇಳುತ್ತದೆ. ಕೊಂಕಣದ ಹೆಂಗಸರು ಮಲೀದಾ ತಟ್ಟೆ ಇಡುವುದೂ ಇದೇ ಎಲೀಯನ ಹೆಸರಿನಲ್ಲಿ.

ಈ ಚಿತ್ರ ನನಗೆ ಇಷ್ಟು ಹತ್ತಿರವಾಗಲು ಕಾರಣವಿದೆ. ನನ್ನ ಗಂಡನ ಮನೆತನದ ವಾಡೆ ಸೇಡಂ ಕಡೆ ಕಾಗಿಣಾ ಹೊಳೆಯ ಹತ್ತಿರದ ಒಂದು ಹಳ್ಳಿಯಲ್ಲಿದೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದಿನ ಪರಸಿ. ಮಕ್ಕಳೆಲ್ಲ ಕಲಬುರಗಿ, ಹೈದರಾಬಾದ್, ಪುಣೆ ಸೇರಿದ್ದಾರೆ. ವಾಡೆಯಲ್ಲಿ ಈಗ ಇರುವವರು ಇಬ್ಬರು. ಎಪ್ಪತ್ತು ದಾಟಿದ ನಮ್ಮ ಸಣ್ಣತ್ತೆ, ಅಂದರೆ ಮಾವನವರ ತಮ್ಮನ ಹೆಂಡತಿ. ಮತ್ತು ಗಂಡ ತೀರಿದ ಮೇಲೆ ಅಲ್ಲಿಯೇ ಉಳಿದ ನನ್ನ ನೆಗೆಣ್ಣಿ. ಮೂರು ವರ್ಷದ ಹಿಂದೆ ಮನೆಯ ಗಂಡಸರು ಕೂಡಿ ವಾಡೆಯನ್ನು ಮನೆದೇವರ ಗುಡಿ ಮಾಡಬೇಕು, ಒಂದು ಟ್ರಸ್ಟಿಗೆ ದಾನಪತ್ರ ಬರೆದುಕೊಡಬೇಕು ಎಂದು ಮಾತು ತೆಗೆದರು. ಹಾಳು ಬೀಳುವ ಬದಲು ಹತ್ತು ಜನ ಬಂದು ಹೋಗುವ ಜಾಗವಾಗಲಿ ಎಂಬ ಸದುದ್ದೇಶ. ಇಬ್ಬರು ಹೆಂಗಸರಿಗೆ ಊರಲ್ಲಿ ಬಾಡಿಗೆಯ ಕೋಣೆ ನೋಡುವುದೆಂದೂ ಮಾತಾಯಿತು.

ಎಲ್ಲರೂ ಒಪ್ಪಿದ ಮೇಲೆ ಸಣ್ಣತ್ತೆಯನ್ನು ಕೇಳಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದು ಇಷ್ಟೇ: "ದೇವರು ಬರ್ತಾನಂದ್ರ ಬ್ಯಾಡ ಅನ್ನಲಿಕ್ಕಿ ನಾ ಯಾರಪ್ಪಾ? ಬರಲಿ. ಆದ್ರ ಅವಗ ನೈವೇದ್ಯ ಮಾಡಾಕಿ ನಾನs ಅಲ್ಲೇನು? ನನ್ನ ಒಲಿ ಎಲ್ಲಿ ಇಡ್ಲಿ?"

ಯಾರೂ ಉತ್ತರ ಕೊಡಲಿಲ್ಲ. ನಾನು ಅಂದು ಎರಡು ಮಾತು ಆಡಿದೆ. ಒಂದು, ಕಾನೂನಿನ ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಉಯಿಲು ಬರೆಯದೆ ತೀರಿದ ಗಂಡನ ಪಾಲಿನಲ್ಲಿ ಹೆಂಡತಿಗೆ ಹಕ್ಕಿದೆ. 2005ರ ತಿದ್ದುಪಡಿಯ ಮೇಲೆ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳಂತೆಯೇ ಪಾಲುದಾರರು. ಆದ್ದರಿಂದ ದಾನ ಕೊಡುವವರು ಗಂಡಸರು ಮಾತ್ರ ಅಲ್ಲ. ಸಣ್ಣತ್ತೆ, ನೆಗೆಣ್ಣಿ, ಮದುವೆಯಾಗಿ ಹೋದ ನಾದಿನಿಯರು ಎಲ್ಲರೂ ದಾನಿಗಳೇ. ಅವರನ್ನು ಕೊನೆಗೆ ಸಹಿಗಾಗಿ ಕರೆಯುವುದಲ್ಲ, ಮೊದಲು ಮಾತಿಗಾಗಿ ಕರೆಯಬೇಕು. ಎರಡನೆಯದು ನಕ್ಷೆಯ ಮಾತು. ಪಡಸಾಲೆ ಗುಡಿಯಾಗಲಿ, ಆದರೆ ಅಡಿಗೆ ಮನೆ, ಅದರ ಪಕ್ಕದ ಎರಡು ಕೋಣೆ, ಹಿತ್ತಲ ಬಾವಿ ಇಬ್ಬರು ಹೆಂಗಸರಿಗೆ ಜೀವ ಇರುವವರೆಗೂ ಇರಲಿ; ಅದನ್ನು ಬಾಯಿಮಾತಿನಲ್ಲಿ ಬಿಡದೆ ದಾನಪತ್ರದಲ್ಲಿಯೇ ಬರೆಸಿ ನೋಂದಣಿ ಮಾಡಿಸಲಿ ಎಂದೆ.

ಮಾತು ಬಿಸಿಯಾಯಿತು. ದೇವರ ಮನೆಯಲ್ಲಿ ಹೆಂಗಸರ ಸಂಸಾರ ಇದ್ದರೆ ಮಡಿ ಹೇಗೆ ಎಂದು ಒಬ್ಬರು ಕೇಳಿದರು. ಇಷ್ಟು ವರ್ಷ ಅದೇ ವಾಡೆಯ ದೇವರ ಜಗಲಿಗೆ ದಿನಾ ನೀರು ಹಾಕಿ ಒರೆಸಿದವರು ಯಾರು ಎಂದು ನೆಗೆಣ್ಣಿ ಕೇಳಿದಳು. ಜೋರಾಗಿ ಮಾತಾಡುವವಳಲ್ಲ ಅವಳು. ಆ ದಿನ ಸಭೆ ಮುಗಿಯಿತು. ದಾನಪತ್ರದ ಕರಡು ಮೂರು ಸಲ ತಿದ್ದಿದ್ದಾರೆ. ಕೋಣೆಗಳ ಮಾತು ಸೇರಿದ ಕರಡು ಈಗ ನಮ್ಮ ಮನೆಯಲ್ಲಿದೆ. ನಾದಿನಿಯರಿಬ್ಬರು ಅದಿಲ್ಲದೆ ಸಹಿ ಮಾಡುವುದಿಲ್ಲವೆಂದು ತಿಳಿಸಿದ್ದಾರೆ. ಸಣ್ಣತ್ತೆಯ ಒಲೆ ಇನ್ನೂ ಇದ್ದಲ್ಲಿಯೇ ಇದೆ.

ನಮ್ಮ ಮಣ್ಣಿನಲ್ಲಿಯೂ ಇಂಥ ಪಾಠ ಇಲ್ಲದೆ ಇಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿ ಇದೆಯಲ್ಲ, 1986ರಲ್ಲಿ ಅಲ್ಲಿಯ ಕಾಳಿಕಾ ಗುಡಿಯ ಮಾಳಿಗೆ ಕುಸಿಯಿತು. ಕುಸಿದ ಮೇಲೆ ನೋಡಿದರೆ ದೇವಿಯ ಪೀಠಕ್ಕೆ ಬಳಸಿದ್ದ ಕಲ್ಲು ಅಶೋಕನ ಶಾಸನ! ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪ ಸಿಕ್ಕಿತು. ಅಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪವಿದೆ. ಪಕ್ಕದಲ್ಲಿ ರಾಣಿಯೂ ಪರಿವಾರದ ಹೆಂಗಸರೂ ಇದ್ದಾರೆ. ಆ ಸ್ತೂಪಕ್ಕೆ ಕಲ್ಲು ಕೊಟ್ಟವರ ಹೆಸರುಗಳಲ್ಲಿ ಹೆಂಗಸರ ಹೆಸರೂ ಇವೆ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಭೀಮಾ ದಂಡೆಯಲ್ಲಿ ದಾನ ಕೊಟ್ಟ ಹೆಣ್ಣಿನ ಹೆಸರನ್ನು ಕಲ್ಲಿನ ಮೇಲೆ ಬರೆಯುತ್ತಿದ್ದರೆಂದರೆ, ಇಂದಿನ ಗುಡಿಯ ಕಲ್ಲಿನಲ್ಲಿ ಅದಕ್ಕೆ ಜಾಗವಿಲ್ಲ ಎನ್ನುವುದು ಸಂಪ್ರದಾಯದ ಮಾತಾಗಲಾರದು.

ಡ್ಯೂರಾದ ಹೆಂಚುಗಳ ಮೇಲೂ ಬರಹ ಇದೆ. ಯಾವ ವರ್ಷ ಕಟ್ಟಿದ್ದು, ಯಾವ ಹಿರಿಯನ ಕಾಲದಲ್ಲಿ, ಯಾರ ಉಸ್ತುವಾರಿಯಲ್ಲಿ ಎಂಬುದೆಲ್ಲ ಅದರಲ್ಲಿ ಬರುತ್ತದೆ. ಆ ಅರಾಮಿಕ್ ಬರಹದಲ್ಲಿ ಕಟ್ಟಡವನ್ನು ಕರೆದದ್ದು ಮನೆ ಎಂದೇ. ಅಷ್ಟು ದೊಡ್ಡ ಸಭಾಂಗಣ ಕಟ್ಟಿ, ಅಷ್ಟು ಚಿತ್ರ ಬರೆಸಿದ ಮೇಲೂ ಅವರು ಆ ಹೆಸರನ್ನು ಬಿಡಲಿಲ್ಲ. ಆ ಒಂದು ಶಬ್ದಕ್ಕಾಗಿ ನಾನು ಅವರ ಕಂಬಸಾಲನ್ನು ಅರ್ಧ ಕ್ಷಮಿಸುತ್ತೇನೆ. ಉಳಿದರ್ಧ ನಮ್ಮ ಕೈಯಲ್ಲಿದೆ.

ನಿಮ್ಮ ಮನೆತನದಲ್ಲಿಯೂ ಒಂದು ಹಳೆಯ ಮನೆ ಇರಬಹುದು. ಅದನ್ನು ಗುಡಿಗೋ, ಮಠಕ್ಕೋ, ಮಸೀದಿಗೋ, ಪ್ರಾರ್ಥನೆಯ ಮನೆಗೋ ಕೊಡುವ ಮಾತು ಎಂದಾದರೂ ಬರಬಹುದು. ಬಂದಾಗ ಬೇಡವೆನ್ನಬೇಕಾಗಿಲ್ಲ. ಕಾಗದದ ಮೇಲೆ ಮನೆಯ ನಕ್ಷೆ ಬರೆಯಿರಿ, ಒಲೆ ಇರುವ ಕಡೆ ಒಂದು ಗುರುತು ಹಾಕಿ, ಆ ಗುರುತಿನ ಮೇಲೆ ಈಗ ಯಾರು ಕೂತಿದ್ದಾರೆಂದು ಅವರ ಹೆಸರು ಬರೆಯಿರಿ. ಆಮೇಲೆ ಹೊಸ ನಕ್ಷೆಯಲ್ಲಿ ಆ ಹೆಸರು ಎಲ್ಲಿದೆ ಎಂದು ಹುಡುಕಿ. ಸಿಕ್ಕರೆ ಸಂತೋಷದಿಂದ ಸಹಿ ಮಾಡಿ. ಸಿಗದಿದ್ದರೆ ಪೆನ್ನು ಕೆಳಗಿಟ್ಟು, ಸಣ್ಣತ್ತೆ ಕೇಳಿದ ಪ್ರಶ್ನೆಯನ್ನು ನೀವೂ ಕೇಳಿ.